ಸಂಕ ಮೊದಲು ಕಾಲಿಗೆ

ಓದುಗರ ಪತ್ರ: "ಸೈಕಲ್ ಸವಾರರ ಪರ ನೀವು ಆಗಾಗ ಬರೆಯುವುದನ್ನು ಓದಿದ್ದೇನೆ. ನಾನು ದಿನಾ ತೊಕ್ಕೊಟ್ಟಿನಿಂದ ಮಂಗಳೂರಿಗೆ ಕಾರಿನಲ್ಲಿ ಹೋಗುವವನು. ನೇತ್ರಾವತಿ ಸೇತುವೆಯ ಮೇಲೆ ಎದುರಿಗೊಂದು ಸೈಕಲ್ ಸಿಕ್ಕಿದರೆ ಎದೆ ಡವಡವ ಅನ್ನುತ್ತದೆ. ಹೆದ್ದಾರಿಯ ಉದ್ದ ಸೇತುವೆಗಳಲ್ಲಿ ಸೈಕಲ್ಲನ್ನೂ ನಡೆದುಹೋಗುವವರನ್ನೂ ಬಿಡದಿದ್ದರೆ ಅವರ ಜೀವಕ್ಕೇ ಒಳ್ಳೆಯದಲ್ಲವೇ? ಹೇಗೂ ಬಸ್ಸು ಇದೆಯಲ್ಲ." — ಒಬ್ಬ ಓದುಗ, ತೊಕ್ಕೊಟ್ಟು

ಸಂಪಾದಕರ ಉತ್ತರ:

ಎದೆ ಡವಡವ ಅನ್ನುತ್ತದೆ ಎಂದು ಬರೆದಿದ್ದೀರಲ್ಲ, ಆ ಒಂದು ಮಾತಿಗಾಗಿಯೇ ನಿಮ್ಮ ಪತ್ರವನ್ನು ಆರಿಸಿಕೊಂಡೆ. ಸೈಕಲ್ ಕಂಡ ಕೂಡಲೇ ಹಾರ್ನ್ ಒತ್ತುವವರೇ ಜಾಸ್ತಿ ಇರುವ ಊರಲ್ಲಿ ಸವಾರನ ಜೀವಕ್ಕೆ ಹೆದರುವವರು ನೀವು. ಆ ಹೆದರಿಕೆ ಸುಳ್ಳೂ ಅಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಅಂದರೆ ದಿನಕ್ಕೆ ಸುಮಾರು 90 ಜನ. ಅಪಾಯ ಇದೆ, ಒಪ್ಪಿದೆ.

ಆದರೆ ನೀವು ಹೇಳುವ ಮದ್ದು ನೋಡಿ ಮಾರಾಯ್ರೇ. ಪೆಟ್ಟು ತಿನ್ನುವವನನ್ನೇ ಹೊರಗೆ ಹಾಕಿ ಅನ್ನುತ್ತಿದ್ದೀರಿ. ಹಾಕಿದರೆ ಅವನು ಎಲ್ಲಿಗೆ ಹೋಗಬೇಕು? ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಸೈಕಲ್ ಬಿಡುತ್ತಿಲ್ಲ. ಅಲ್ಲಿ ಪಕ್ಕದಲ್ಲಿ ಸರ್ವಿಸ್ ರೋಡ್ ಇದೆ ಎಂಬ ಸಮಾಧಾನವಾದರೂ ಉಂಟು. ನಮ್ಮ ಕಡೆ ಸರ್ವಿಸ್ ರೋಡ್ ಹೊಳೆಯ ದಡಕ್ಕೆ ಬಂದು ಮುಗಿಯುತ್ತದೆ. ಆಮೇಲೆ ಇರುವುದು ಸೇತುವೆ ಒಂದೇ. ದೋಣಿಯಲ್ಲಿ ದಾಟುತ್ತಿದ್ದ ಹಳೆಯ ಕಡವುಗಳು ಹೆಚ್ಚಿನವು ನಿಂತುಹೋಗಿವೆ. ತೊಕ್ಕೊಟ್ಟಿನವನು ಆಚೆ ದಡದ ಜಪ್ಪಿನಮೊಗರಿಗೆ ಹೋಗಲು ಹೊಳೆಯ ಮೇಲ್ಭಾಗದಲ್ಲಿರುವ ಹರೇಕಳ–ಅಡ್ಯಾರು ಸೇತುವೆ ಸುತ್ತಿ ಬರಲು ಆಗುತ್ತದಾ?

ನಮ್ಮ ಕರಾವಳಿಯಲ್ಲಿ ಸೇತುವೆಗೆ ಹಳೆಯ ಹೆಸರು ಸಂಕ. ತೋಡಿಗೆ ಅಡ್ಡ ಹಾಕಿದ ಎರಡು ಅಡಿಕೆ ಮರದ ಕಾಂಡವೂ ಕಾಲುಸಂಕವೇ. ಹೆಸರಲ್ಲೇ ಕಾಲು ಇದೆ ನೋಡಿ. ಶಾಲೆಗೆ ಹೋಗುವ ಮಗು, ಬೀಡಿಯ ಕಟ್ಟು ಹೊತ್ತ ಹೆಂಗಸು, ಮೀನಿನ ಬುಟ್ಟಿ ಹೊತ್ತ ಮೊಗವೀರ್ತಿ ದಾಟಲಿ ಎಂದೇ ಹಾಕಿದ್ದು. ಗಾಡಿ ಬಂದದ್ದು ಎಷ್ಟೋ ಕಾಲದ ಮೇಲೆ. ಈಗ ಗಾಡಿಯವರೇ ಕಾಲಿನವರಿಗೆ ಜಾಗ ಖಾಲಿ ಮಾಡಿ ಅನ್ನುತ್ತಿದ್ದೇವೆ.

ನನ್ನ ಅಪ್ಪ ಮಂಗಳೂರಿನ ಜಪ್ಪಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ದಿನಾ ಸೈಕಲ್ಲಿನಲ್ಲೇ ನೇತ್ರಾವತಿ ದಾಟುತ್ತಿದ್ದರು. ರಜೆಯಲ್ಲಿ ನಾನೂ ಹಿಂದಿನ ಕ್ಯಾರಿಯರ್ ಮೇಲೆ ಕೂತು ಹೋದದ್ದಿದೆ. ಆಟಿ ತಿಂಗಳ ಮಳೆಗಾಳಿ ಕಡಲ ಕಡೆಯಿಂದ ಬೀಸಿದರೆ ಸೈಕಲ್ ಅಡ್ಡಕ್ಕೆ ವಾಲುತ್ತಿತ್ತು. ಆಗ ಇಳಿದು, ಕೊಡೆ ಮಡಚಿ ಹ್ಯಾಂಡಲಿಗೆ ಸಿಕ್ಕಿಸಿ, ತಳ್ಳಿಕೊಂಡು ಹೋಗುತ್ತಿದ್ದರು. ಬಸ್ಸಿಗೆ ಕೊಡುವ ದುಡ್ಡು ಮನೆಯ ಅಕ್ಕಿಗೆ ಬೇಕಿತ್ತು. ಇವತ್ತೂ ರಾತ್ರಿ ಹನ್ನೊಂದರ ಮೇಲೆ ಹೋಟೆಲಿನ ಪಾತ್ರೆ ತೊಳೆದು ಮನೆಗೆ ಹೊರಡುವ ಹುಡುಗನಿಗೆ "ಬಸ್ಸು ಇದೆಯಲ್ಲ" ಎಂದು ನೀವು ಹೇಳಬಲ್ಲಿರಾ?

ಮೂರು ವರ್ಷದ ಹಿಂದೆ ಉದ್ಯಾವರ ಸೇತುವೆಯ ಮೇಲೆ ನಾನೇ ಬಿದ್ದೆ. ಯಾಕೆ ಬಿದ್ದೆ ಎಂದು ಹೇಳುತ್ತೇನೆ, ಕಾರಿನವರಿಗೆ ಇದು ಕಾಣುವುದಿಲ್ಲ. ಸೈಕಲಿನವನು ತೀರಾ ಅಂಚಿಗೆ ಹೋಗಬೇಕು. ಮಳೆನೀರು ಇಳಿಯುವ ತೂತು ಇರುವುದೂ ಅಂಚಿನಲ್ಲೇ. ಅದಕ್ಕೆ ಮಣ್ಣು ಕಟ್ಟಿ ನೀರು ನಿಂತಿರುತ್ತದೆ, ನೀರಿನಡಿ ಮರಳು. ಸೇತುವೆಯ ಎರಡು ತುಂಡು ಸೇರುವ ಕಡೆ ಅಡ್ಡಕ್ಕೆ ಕಬ್ಬಿಣದ ಪಟ್ಟಿ. ಮಳೆಯಲ್ಲಿ ಅದು ಪಾಚಿಯಂತೆ ಜಾರುತ್ತದೆ. ನನ್ನ ಚಕ್ರ ಆ ಪಟ್ಟಿಯ ಮೇಲಿದ್ದಾಗಲೇ ಒಂದು ಎಕ್ಸ್‌ಪ್ರೆಸ್ ಬಸ್ಸು ಮೊಣಕೈ ತಾಗುವಷ್ಟು ಹತ್ತಿರ ಹೋಯಿತು. ಅದರ ಗಾಳಿಯ ಸೆಳೆತಕ್ಕೇ ವಾಲಿದೆ. ಕಟ್ಟೆಗೆ ಬಡಿದು ಮಣಿಕಟ್ಟು ಮುರಿಯಿತು. ಎತ್ತಿದ್ದು ಹಿಂದೆ ಬರುತ್ತಿದ್ದ ಆಟೊದವರು. ಆಸ್ಪತ್ರೆಗೆ ಬಿಟ್ಟು ಬಾಡಿಗೆಯನ್ನೂ ತೆಗೆದುಕೊಳ್ಳಲಿಲ್ಲ.

ತೂತು ಬಿಡಿಸಿ, ಪಟ್ಟಿಗೆ ಜಾರದ ಹೊದಿಕೆ ಹಾಕಿ, ಅಂಚಿಗೊಂದು ತಡೆ ಕಟ್ಟಿ ಕಾಲಿಗೂ ಸೈಕಲ್ಲಿಗೂ ದಾರಿ ಬಿಟ್ಟರೆ ನನ್ನ ಕೈ ಮುರಿಯುತ್ತಿರಲಿಲ್ಲ. ಇದೇನು ದೊಡ್ಡ ವಿದ್ಯೆಯಲ್ಲ. ರಸ್ತೆ, ಸೇತುವೆ ಹೇಗಿರಬೇಕು ಎಂದು ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಲ್ಲೇ ಸೇತುವೆಯ ಕಾಲುದಾರಿ ಒಂದೂವರೆ ಮೀಟರಿಗೆ ಕಡಿಮೆ ಇರಬಾರದು ಎಂದಿದೆ. 1943ರಲ್ಲಿ, ಯುದ್ಧದ ನಡುವೆ ತೆರೆದ ಕೋಲ್ಕತ್ತದ ಹೌರಾ ಸೇತುವೆಗೆ ಎರಡೂ ಬದಿ 15 ಅಡಿ ಅಗಲದ ಕಾಲುದಾರಿ ಬಿಟ್ಟಿದ್ದಾರೆ. ಆಗ ಆದದ್ದು ಈಗ ಯಾಕೆ ಆಗುವುದಿಲ್ಲ?

ಅಷ್ಟು ದೂರ ಯಾಕೆ, ಸುಳ್ಯದ ಗಿರೀಶ್ ಭಾರದ್ವಾಜ್ ನಮ್ಮವರೇ ಅಲ್ವಾ? 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಉಡುಪಿ ಹತ್ತಿರದ ಕೆಮ್ಮಣ್ಣಿನಲ್ಲಿ ತಿಮ್ಮಣ್ಣ ಕುದ್ರು ಎಂಬ ಹೊಳೆನಡುವಿನ ದ್ವೀಪಕ್ಕೆ ಹೋಗುವ ತೂಗುಸೇತುವೆಯ ಮೇಲೆ ಒಮ್ಮೆ ನಡೆದು ನೋಡಿ. ಕುದ್ರುವಿನವರ ಕಾಲಿಗಾಗಿಯೇ ಕಟ್ಟಿದ ಸಂಕ ಅದು.

ನನ್ನದೊಂದು ಆಸೆ ಇದೆ, ಇದೇ ನೆಪದಲ್ಲಿ ಹೇಳಿಬಿಡುತ್ತೇನೆ. ಮಂಗಳೂರಿನ ಕೂಳೂರಿನಲ್ಲಿ ಫಲ್ಗುಣಿ ಹೊಳೆಗೆ ಹೊಸ ಸೇತುವೆಯ ಕೆಲಸ ಹಿಡಿದಿದ್ದಾರೆ. ಅಲ್ಲೇ 1950ರ ದಶಕದ ಕಮಾನಿನ ಹಳೇ ಸೇತುವೆ ಇದೆ. ಹೊಸದು ತೆರೆದ ಮೇಲೆ ಅದನ್ನು ಗಟ್ಟಿ ಮಾಡಿ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡಲಿ. ಸ್ಕಾಟ್ಲೆಂಡಿನಲ್ಲಿ ಇಂಥದ್ದೇ ಮಾಡಿದ್ದಾರೆ. ಫೋರ್ತ್ ಹೊಳೆಗೆ 2017ರಲ್ಲಿ ಹೊಸ ಸೇತುವೆ ಬಂದ ಮೇಲೆ 1964ರ ಹಳೆಯದನ್ನು ಕೆಡವಲಿಲ್ಲ. ಬಸ್ಸು, ಸೈಕಲ್, ನಡೆಯುವವರಿಗೆ ಕೊಟ್ಟರು. ಕಾರುಗಳೆಲ್ಲ ಹೊಸದಕ್ಕೆ ಹೋದವು. ಲಾರಿಯ ಭಾರ ಇಳಿದರೆ ಹಳೇ ಸೇತುವೆಯ ಆಯಸ್ಸೂ ಹೆಚ್ಚುತ್ತದೆ.

ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಹೆದ್ದಾರಿ 66 ಅಗಲವಾದಾಗ ನಮ್ಮ ಊರುಗಳು ಎರಡು ಹೋಳಾದವು. ಈಚೆ ಮನೆ, ಆಚೆ ಶಾಲೆ. ರಸ್ತೆ ದಾಟಲು ಮುದುಕಿಯೊಬ್ಬಳು ಕಾಲು ಗಂಟೆ ಕಾಯುವುದನ್ನು ನೋಡಿದ್ದೇನೆ. ಪೇಟೆಯೊಳಗೆ ಕಾಲುದಾರಿಯ ಮೇಲೆ ಬೈಕು, ಅಂಗಡಿಯ ಬೋರ್ಡು, ಟ್ರಾನ್ಸ್‌ಫಾರ್ಮರು. ಕಾಲುದಾರಿ ಬದುಕುವ ಹಕ್ಕಿನ ಭಾಗ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಆದರೂ ರಸ್ತೆಯ ವಿಚಾರದ ಸಭೆಗಳಿಗೆ ನಾನು ಹೋದಾಗಲೆಲ್ಲ ಹೊರಗೆ ಸಾಲಾಗಿ ನಿಂತಿರುವುದು ಕಾರುಗಳೇ. ಮೀನಿನ ಬುಟ್ಟಿಯ ಹೆಂಗಸನ್ನು ಯಾರೂ ಕರೆದಿರುವುದಿಲ್ಲ.

ನೀವು ಹೆದರಿದಿರಿ, ಬ್ರೇಕಿನ ಮೇಲೆ ಕಾಲಿಟ್ಟಿರಿ. ಅದನ್ನು ಬಿಡಬೇಡಿ. ಸೈಕಲ್ಲನ್ನು ಓಡಿಸಿಬಿಡಿ ಎಂಬ ಮಾತನ್ನು ಮಾತ್ರ ಬಿಡಿ. ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಸೇತುವೆಯ ತೊಕ್ಕೊಟ್ಟು ಕಡೆಯ ತುದಿಗೆ ಬನ್ನಿ. ದಾಟಲು ನಡಿಗೆಯಲ್ಲಿ ಹತ್ತು ಹನ್ನೆರಡು ನಿಮಿಷ ಸಾಕು. ಹೋಗುವಾಗ ನಡೆದು ಹೋಗೋಣ, ಬರುವಾಗ ನನ್ನ ಸೈಕಲ್ ನಿಮಗೆ ಕೊಡುತ್ತೇನೆ. ಸೀಟು ಎತ್ತರವಾದರೆ ತಗ್ಗಿಸಲು ಸ್ಪ್ಯಾನರ್ ತರುತ್ತೇನೆ.