ಡಿಕ್ ಟ್ರೇಸಿಯಂಥ ಹಳೇ ಅಗ್ಗದ ಪತ್ತೇದಾರಿ ಸಿನಿಮಾಗಳನ್ನು ಜನ ಇವತ್ತಿಗೂ ಯಾಕೆ ನೋಡ್ತಾರೆ?

ಮೊದಲ ಕಾರಣ, ಅವು ಬೇಗ ಮುಗಿಯುತ್ತವೆ! ಚೆಸ್ಟರ್ ಗೌಲ್ಡ್ 1931ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಶುರು ಮಾಡಿದ ಕಾಮಿಕ್ಸ್ ಡಿಕ್ ಟ್ರೇಸಿ; ಅದೇ ಹೆಸರಿನ ಪತ್ತೇದಾರಿ ಪೊಲೀಸನೇ ಅದರ ನಾಯಕ. ಅದನ್ನಿಟ್ಟುಕೊಂಡು ಆರ್‌ಕೆಒ ಸ್ಟುಡಿಯೊ 1945ರಿಂದ 1947ರೊಳಗೆ ನಾಲ್ಕು ಸಿನಿಮಾ ಮಾಡಿತು. ಒಂದೊಂದೂ ಹೆಚ್ಚುಕಮ್ಮಿ ಒಂದು ಗಂಟೆ. ಹಾಡಿಲ್ಲ, ಎಳೆದಾಟವಿಲ್ಲ.

ಆದರೆ ನಿಜವಾದ ಮಜಾ ಇರುವುದು ಖಳರಲ್ಲಿ. ಮುಖಕ್ಕೆ ಅಡ್ಡಲಾಗಿ ಗಾಯದ ಗುರುತಿರುವವನು ಒಬ್ಬ, ಬೋಳುತಲೆಯವನು ಒಬ್ಬ, ಕೈ ಇರಬೇಕಾದ ಕಡೆ ಕೊಕ್ಕೆ ಇರುವವನು ಇನ್ನೊಬ್ಬ. ಕೊಕ್ಕೆಯವನು ಕೊನೆಗೆ ಅದೇ ಕೊಕ್ಕೆ ಕರೆಂಟಿಗೆ ತಾಗಿ ಸಾಯುತ್ತಾನೆ. ಪತ್ರಿಕೆಯ ಪುಟ್ಟ ಚೌಕದಲ್ಲಿ ಖಳನನ್ನು ಒಂದೇ ನೋಟಕ್ಕೆ ಗುರುತಿಸುವಂತಿರಬೇಕಲ್ವಾ? ಆ ಗುಣ ತೆರೆಗೂ ಬಂತು. ಕೊನೆಯ ಸಿನಿಮಾದಲ್ಲಿ ಭಯಾನಕ ಸಿನಿಮಾಗಳಿಗೆ ಹೆಸರಾದ ನಟ ಬೋರಿಸ್ ಕಾರ್ಲಾಫ್ ಖಳ. ಜನರನ್ನು ನಿಂತಲ್ಲೇ ಗೊಂಬೆಗಳಂತೆ ಮಾಡುವ ಗ್ಯಾಸ್ ಬಿಟ್ಟು ಬ್ಯಾಂಕ್ ದೋಚುವುದು ಅದರ ಕಥೆ. ಅದರಲ್ಲಿ ಬರುವ ವಿಜ್ಞಾನಿಯ ಹೆಸರು ಡಾಕ್ಟರ್ ಎ. ಟಾಮಿಕ್, ಸೇರಿಸಿ ಓದಿದರೆ ‘ಅಟಾಮಿಕ್’, ಅಂದರೆ ಅಣುವಿನ! ಅಣುಬಾಂಬ್ ಬಿದ್ದು ಆಗ ಎರಡೇ ವರ್ಷ.

ದುಡ್ಡಿಲ್ಲದ್ದೂ ಒಂದು ರೀತಿ ಒಳ್ಳೆಯದೇ ಆಯಿತು. ಕತ್ತಲು, ನೆರಳು, ಒಂದು ದೀಪ: ಸೆಟ್ ಎಷ್ಟು ಸಾಧಾರಣ ಅಂತ ಗೊತ್ತೇ ಆಗುವುದಿಲ್ಲ.

ನಾಯಕನಾಗಿ ಮೊದಲೆರಡರಲ್ಲಿ ಮಾರ್ಗನ್ ಕಾನ್ವೇ, ಉಳಿದೆರಡರಲ್ಲಿ ರಾಲ್ಫ್ ಬರ್ಡ್. ನನಗೆ ಕಾನ್ವೇನೇ ಇಷ್ಟ. ಕಾಮಿಕ್ಸ್‌ನ ಟ್ರೇಸಿಯ ಚೂಪು ಮೂಗು, ಚೌಕ ಗದ್ದ ಅವನಿಗಿಲ್ಲ, ನಿಜ. ಆದರೆ ಡ್ಯೂಟಿ ಮಾಡಿ ಸುಸ್ತಾದ ಪೊಲೀಸನ ಹಾಗೆ ಕಾಣುತ್ತಾನೆ. ಮೊದಲು ನೋಡುವುದಾದರೆ ಕಾರ್ಲಾಫ್ ಇರುವುದನ್ನೇ ನೋಡಿ.