ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಂಪನಿಯೊಂದರ ಎಂ.ಡಿ. ನಮ್ಮ ಪತ್ರಿಕೆಗೆ ಬರೆದಿದ್ದಾರೆ: ‘ಎರಡು ವರ್ಷದಿಂದ ಡಿಜಿಟಲೀಕರಣ ನಡೆದಿದೆ. ಹೊಸ ಸಾಫ್ಟ್‌ವೇರ್ ಬಂದರೂ ಸಿಬ್ಬಂದಿ ಎಕ್ಸೆಲ್ ಬಿಡುತ್ತಿಲ್ಲ, ಐಟಿಯವರು ದೂರಿಗೆ ಕಿವಿಗೊಡುತ್ತಿಲ್ಲ. ಇಬ್ಬರಲ್ಲಿ ಯಾರನ್ನು ಹೊಣೆ ಮಾಡಬೇಕು?’

ಸ್ವಾಮಿ, ಇಷ್ಟು ನೇರವಾಗಿ ಕೇಳಿದ್ದಕ್ಕೆ ನಿಮ್ಮ ಮೇಲೆ ಗೌರವ ಹುಟ್ಟಿತು. ಹಳೆಯದಕ್ಕೆ ಹಟ ಹಿಡಿದು ಅಂಟಿಕೊಳ್ಳುವವರು ಇಲ್ಲವೆನ್ನಲಾರೆ. ಇದ್ದಾರೆ, ನಮ್ಮಲ್ಲೂ. ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದರೂ ಅದರಲ್ಲಿ ನೀವು ಸಿಗಲಿಲ್ಲ.

ಜರ್ಮನಿಯ ಲಿಡ್ಲ್ ಎಂಬ ದಿನಸಿ ಅಂಗಡಿಗಳ ಕಥೆ ಕೇಳಿರಬಹುದು. 2011ರಲ್ಲಿ ಎಸ್‌ಎಪಿ ಎಂಬ ಕಂಪನಿಯ ವ್ಯವಹಾರ ನಿರ್ವಹಣೆಯ ಸಾಫ್ಟ್‌ವೇರ್ ಅಳವಡಿಸಲು ಹೊರಟವರು 2018ರಲ್ಲಿ ಕೈಚೆಲ್ಲಿದರು. ಅಷ್ಟರಲ್ಲಿ ಸುಮಾರು 50 ಕೋಟಿ ಯೂರೊ ಕರಗಿತ್ತೆಂದು ವರದಿಯಾಯಿತು. ಅಲ್ಲಿ ದಾಸ್ತಾನಿನ ಲೆಕ್ಕವನ್ನು ಕೊಂಡ ಬೆಲೆಯಲ್ಲಿ ಇಡುವ ರೂಢಿ. ಸಾಫ್ಟ್‌ವೇರಿನದು ಮಾರುವ ಬೆಲೆಯ ಲೆಕ್ಕ. ರೂಢಿ ಬಿಡಲು ಮನಸ್ಸಾಗದೆ ಸಾಫ್ಟ್‌ವೇರನ್ನೇ ಕೊರೆದು, ಬೆಸೆದು, ತೇಪೆ ಹಾಕಿದರು. ರೂಢಿ ಬಗ್ಗಬೇಕೋ ಸಾಫ್ಟ್‌ವೇರ್ ಬಗ್ಗಬೇಕೋ ಎಂಬುದನ್ನು ಪ್ರೋಗ್ರಾಂ ಬರೆಯುವ ಹುಡುಗ ತೀರ್ಮಾನಿಸಬಲ್ಲನೇ? ಗೋದಾಮಿನ ಗುಮಾಸ್ತ? ಅದು ನಿಮ್ಮ ಕುರ್ಚಿಯ ಕೆಲಸ.

ಬಿಬಿಸಿ ಟೇಪುಗಳಲ್ಲಿ ನಡೆಸುತ್ತಿದ್ದ ಕೆಲಸವನ್ನೆಲ್ಲ ಡಿಜಿಟಲ್ ಮಾಡುವ ಯೋಜನೆಯನ್ನು 2013ರಲ್ಲಿ ನಿಲ್ಲಿಸಿದಾಗ ಹತ್ತಿರ ಹತ್ತಿರ 10 ಕೋಟಿ ಪೌಂಡ್ ನೀರುಪಾಲಾಗಿತ್ತು. ವಜಾ ಆದದ್ದು ತಂತ್ರಜ್ಞಾನ ಮುಖ್ಯಸ್ಥ ಜಾನ್ ಲಿನ್‌ವುಡ್. ಮರುವರ್ಷ ಉದ್ಯೋಗ ನ್ಯಾಯಮಂಡಳಿ ಆ ವಜಾ ಅನ್ಯಾಯ ಎಂದಿತು. ಎಮ್ಮೆ ಬರೆ ಹಾಕಿಸಿಕೊಂಡ ಮೇಲೆ ಬಂದ ತೀರ್ಪು!

ನಾನೇನು ಸಾಚಾ ಅಲ್ಲ. ನಮ್ಮ ಚಂದಾದಾರರ ಪಟ್ಟಿ ಕಂಪ್ಯೂಟರಿಗೆ ಹೋದ ಮೇಲೂ ಪ್ರಸರಣ ವಿಭಾಗದ ಹಿರಿಯರೊಬ್ಬರು ಉದ್ದನೆಯ ಪುಸ್ತಕವನ್ನು ಮೇಜಿನ ಡ್ರಾಯರಿನಲ್ಲಿ ಬಚ್ಚಿಟ್ಟಿದ್ದರು. ರೇಗಿದೆ. ಅವರು ಸುಮ್ಮನೆ ಪುಟ ತಿರುಗಿಸಿದರು: ‘ಹಣ ಅಣ್ಣನದು, ಪತ್ರಿಕೆ ತಂಗಿಗೆ.’ ‘ಎರಡು ತಿಂಗಳು ಊರಲ್ಲಿಲ್ಲ, ಆಮೇಲೆ ಕಳಿಸಿ.’ ಸಾಫ್ಟ್‌ವೇರಿನಲ್ಲಿ ಇವಕ್ಕೆ ಜಾಗವೇ ಇರಲಿಲ್ಲ. ಏನೇನು ಬೇಕೆಂದು ಚರ್ಚಿಸಿದ ಮೂರು ಸಭೆಗಳಲ್ಲಿ ನಾನು ಹೋಗಿದ್ದು ಮೊದಲನೆಯದಕ್ಕೆ, ಅದೂ ಫೋಟೊ ತೆಗೆಯುವವರೆಗೆ. ಆ ಹಿರಿಯರನ್ನಂತೂ ಯಾರೂ ಕರೆದೇ ಇರಲಿಲ್ಲ.

ಆಮೇಲೆ ನಾನು ಬರೆದ ವರದಿ? ‘ಅಳವಡಿಕೆಯಲ್ಲಿ ಕೆಲವು ಲೋಪಗಳನ್ನು ಗಮನಿಸಲಾಗಿದೆ.’ ಗಮನಿಸಿದವರು ಯಾರು, ಲೋಪ ಮಾಡಿದವರು ಯಾರು? ಈ ‘ಲಾಗಿದೆ’ ಎಂಬ ರೋಗ ನಮ್ಮ ಕಚೇರಿ ಕನ್ನಡವನ್ನು ಒಳಗಿಂದಲೇ ತಿಂದುಹಾಕಿದೆ. ಯೋಜನೆ ಉದ್ಘಾಟನೆಯಾದಾಗ ‘ನಾವು ಆರಂಭಿಸಿದೆವು’, ಕೆಟ್ಟಾಗ ‘ವಿಳಂಬವಾಗಿದೆ’, ‘ಪರಿಶೀಲಿಸಲಾಗುತ್ತಿದೆ’. ಸುದ್ದಿಮನೆಗೆ ಬರುವ ಪ್ರಕಟಣೆಗಳಲ್ಲಿ ಕರ್ತೃಪದ ಹುಡುಕಿ ಹುಡುಕಿ ನನ್ನ ಕನ್ನಡಕದ ನಂಬರೇ ಏರಿದೆ. ಇದರ ಮೇಲೆ ಯೋಜನೆಯ ಉಸ್ತುವಾರಿಗೆಂದು ಸ್ಟೀರಿಂಗ್ ಕಮಿಟಿ ಬೇರೆ. ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಅಂತಾರಲ್ಲ, ಇಲ್ಲಿ ಹಾವಿಗೂ ಸದಸ್ಯತ್ವ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾಳೆ ಆ ಎಕ್ಸೆಲ್ ಬಿಡದವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಹೊಸ ಸಾಫ್ಟ್‌ವೇರಿನಲ್ಲಿ ಒಂದೇ ಒಂದು ಬಿಲ್ ನೀವೇ ಹಾಕಿ. ಐಟಿ ಮುಖ್ಯಸ್ಥರನ್ನೂ ಕರೆಯಿರಿ, ಬೈಯಲು ಅಲ್ಲ. ಎಷ್ಟು ಹೊತ್ತು ಹಿಡಿಯಿತು, ಎಲ್ಲೆಲ್ಲಿ ಸಿಕ್ಕಿಬಿದ್ದಿರಿ ಎಂದು ನಮಗೆ ಬರೆಯಿರಿ. ಪ್ರಕಟಿಸುತ್ತೇವೆ. ಕರ್ತರಿ ಪ್ರಯೋಗದಲ್ಲಿದ್ದರೆ ಮಾತ್ರ.

— ಸಂಪಾದಕ