ರೊಟ್ಟಿಗಿಂತ ಮೊದಲು ಸಕ್ಕರೆ

ಪ್ರಶ್ನೆ: ನಮ್ಮ ತಂದೆಯವರಿಗೆ 63 ವರ್ಷ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಕೂಡಿದ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ. ಕಳೆದ ಸುಗ್ಗಿಯಲ್ಲಿ ಒಂದು ದಿನ ನಸುಕಿನಲ್ಲಿ ಗುಳಿಗೆ ನುಂಗಿ, ಬರೀ ಚಹಾ ಕುಡಿದು ಜೋಳ ಕೀಳಲು ಹೋಗಿದ್ದರು. ಹನ್ನೊಂದರ ಸುಮಾರಿಗೆ ನಾನು ಬುತ್ತಿ ಒಯ್ದಾಗ ಒಡ್ಡಿನ ಮೇಲೆ ಕುಳಿತಿದ್ದರು. ಆ ಚಳಿಯಲ್ಲೂ ಅಂಗಿ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು, ನನ್ನನ್ನು ಅತ್ತೆಯ ಹೆಸರಿನಿಂದ ಕರೆದರು. ದೃಷ್ಟಿಯಾಗಿದೆ ಎಂದು ಜೊತೆಗಿದ್ದವರು ಹೇಳಿದರು. ಬುತ್ತಿಯಲ್ಲಿದ್ದ ಶೇಂಗಾ ಹೋಳಿಗೆ ತಿನ್ನಿಸಿದೆವು. ಸರಿಹೋಗಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಈಗ ಗುಳಿಗೆಯನ್ನೇ ಬಿಡುತ್ತೇನೆ ಎನ್ನುತ್ತಾರೆ, ಏಕಾದಶಿಯ ಉಪವಾಸವನ್ನು ಮಾತ್ರ ಬಿಡಲೊಲ್ಲರು. ಏನು ಮಾಡಬೇಕು?
— ಓದುಗರೊಬ್ಬರು, ಇಂಡಿ ತಾಲ್ಲೂಕು

ಉತ್ತರ: ನಿಮ್ಮನ್ನು ಅತ್ತೆಯ ಹೆಸರಿನಿಂದ ಕರೆದರೆಂಬ ಮಾತೇ ನನಗೆ ಹೆಚ್ಚು ಕಳವಳ ತಂದಿದೆ. ರಕ್ತದಲ್ಲಿನ ಸಕ್ಕರೆ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಾಗ ದೇಹವು ಅಡ್ರಿನಲಿನ್ ಸುರಿಸಿ ಎಚ್ಚರಿಸುತ್ತದೆ. ಬೆವರು, ನಡುಕ, ಎದೆಬಡಿತ, ತಡೆಯಲಾಗದ ಹಸಿವು ಆಗಿನವು. ಅದು 54ಕ್ಕಿಂತಲೂ ಕೆಳಗೆ ಹೋದರೆ ಮಿದುಳಿಗೇ ಗ್ಲುಕೋಸ್ ಸಾಲದೆ ಮಾತು ತಡವರಿಸುತ್ತದೆ, ಗುರುತು ತಪ್ಪುತ್ತದೆ, ಮುಂದೆ ಪ್ರಜ್ಞೆಯೂ ಹೋಗಬಹುದು. ಅಂದು ರಕ್ತ ಪರೀಕ್ಷೆ ಆಗಿರದಿದ್ದರೂ, ನೀವು ಬರೆದ ಲಕ್ಷಣಗಳನ್ನು ನೋಡಿದರೆ ನಿಮ್ಮ ತಂದೆಯವರು ಆ ಎರಡನೆಯ ಹಂತವನ್ನು ಮುಟ್ಟಿ ಬಂದಂತೆ ಕಾಣುತ್ತದೆ.

ಇದರ ಕಾರಣ ಗುಳಿಗೆ, ಊಟ, ದುಡಿಮೆ ಈ ಮೂರರ ಹೊತ್ತು ಹೊಂದದಿರುವುದರಲ್ಲಿದೆ. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ಹೀಗೆ ಇಳಿಯುವುದು ಅಪರೂಪ. ಆದರೆ ಗ್ಲಿಮೆಪಿರೈಡ್, ಹೊಟ್ಟೆಯಲ್ಲಿ ಅನ್ನ ಬಿದ್ದಿದೆಯೋ ಇಲ್ಲವೋ ಎಂದು ನೋಡದೆ, ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ರಾತ್ರಿಯ ಊಟವಾಗಿ ಹತ್ತು ಹನ್ನೆರಡು ಗಂಟೆ ಕಳೆದಿರುವಾಗ, ಬೇರುಸಮೇತ ಜೋಳ ಕೀಳುವಂಥ ಮೈಮುರಿಯುವ ಕೆಲಸಕ್ಕೆ ಸ್ನಾಯುಗಳು ರಕ್ತದಲ್ಲಿದ್ದ ಗ್ಲುಕೋಸನ್ನು ಎಳೆದುಕೊಳ್ಳುತ್ತಿರುವಾಗ, ಮೇಲೆ ಈ ಇನ್ಸುಲಿನ್ನೂ ಸೇರಿದರೆ ಸಕ್ಕರೆ ಇಳಿಯದೆ ಇನ್ನೇನಾದೀತು? ಆದ್ದರಿಂದ ಈ ಗುಳಿಗೆಯನ್ನು ದಿನದ ಮೊದಲ ಹೊಟ್ಟೆತುಂಬ ಊಟದ ಜೊತೆಗೆ, ಇಲ್ಲವೇ ಅದಕ್ಕೆ ಸ್ವಲ್ಪ ಮುಂಚೆ ತೆಗೆದುಕೊಳ್ಳುವುದು ಕ್ರಮ. ಚಹಾ ಊಟವಲ್ಲ.

ಇನ್ನು ಹೋಳಿಗೆಯ ವಿಚಾರ. ನೀವು ಕೊಟ್ಟಿದ್ದು ಪ್ರೀತಿಯಿಂದಲೇ, ಅದರಲ್ಲಿ ಬೆಲ್ಲವೂ ಇತ್ತು. ಆದರೆ ಶೇಂಗಾದ ಕೊಬ್ಬು ಜಠರದಿಂದ ಆಹಾರ ಕೆಳಗಿಳಿಯುವುದನ್ನು ತಡಮಾಡುತ್ತದೆ. ಪೇಡೆ, ಕುಂದಾ, ಚಾಕೊಲೇಟಿನ ಕಥೆಯೂ ಇದೇ. ಜೋಳದ ರೊಟ್ಟಿ ನಿಧಾನವಾಗಿ ಅರಗುವುದೇ ಅದರ ಗುಣ, ಆ ಗುಣವೇ ಈ ಗಳಿಗೆಯಲ್ಲಿ ತೊಡಕು. ಆಗ ಬೇಕಾದುದು ಬರಿಯ ಸಕ್ಕರೆ: ಚಹಾ ಚಮಚದಿಂದ ಮೂರು ಚಮಚ, ಅಂದರೆ ಸುಮಾರು 15 ಗ್ರಾಂ, ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷ ಕಾದು, ಗ್ಲುಕೋಮೀಟರಿನಲ್ಲಿ ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಮತ್ತೆ ಅಷ್ಟೇ ಕೊಡಬೇಕು. ಸಕ್ಕರೆ ಮೇಲೆ ಬಂದ ಬಳಿಕವೇ ರೊಟ್ಟಿ, ಹೆಸರುಕಾಳು ಪಲ್ಯ. ಆ ಊಟವನ್ನು ತಪ್ಪಿಸಬಾರದು, ಏಕೆಂದರೆ ಗ್ಲಿಮೆಪಿರೈಡಿನ ಪರಿಣಾಮ ಇಡೀ ದಿನ ಇರುವುದರಿಂದ ಚೇತರಿಸಿಕೊಂಡವರು ಸಂಜೆಗೆ ಮತ್ತೆ ಕುಸಿಯಬಹುದು. ಆ ದಿನ, ಆ ರಾತ್ರಿ ಅವರನ್ನು ಒಂಟಿಯಾಗಿ ಬಿಡಬೇಡಿರಿ. ಗುಳಿಗೆಯ ಚೀಟಿಯ ಮೇಲೆ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಹೆಸರೂ ಇದ್ದರೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡದು, ಔಷಧಿ ಅಂಗಡಿಯ ಗ್ಲುಕೋಸ್ ಪುಡಿಯೇ ಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿರಿ, ಅದು ಶ್ವಾಸನಾಳಕ್ಕೆ ಇಳಿದೀತು. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿರಿ.

ಗುಳಿಗೆ ಬಿಡುವ ನಿರ್ಧಾರವನ್ನು ತಂದೆಯವರೊಬ್ಬರೇ ಮಾಡುವುದು ಬೇಡ. ಸಕ್ಕರೆ ಮೂರುನೂರಕ್ಕೆ ಏರಿ ತಿಂಗಳುಗಟ್ಟಲೆ ಅಲ್ಲೇ ನಿಂತರೆ ಕಣ್ಣು, ಮೂತ್ರಪಿಂಡಗಳು ಸದ್ದಿಲ್ಲದೆ ಕೆಡುತ್ತವೆ. ವೈದ್ಯರ ಮುಂದೆ ಈ ಘಟನೆಯನ್ನು ನಿಮ್ಮ ಪತ್ರದಲ್ಲಿರುವಷ್ಟೇ ವಿವರವಾಗಿ ಹೇಳಿ, ಸುಗ್ಗಿಯ ದಿನಗಳ ಮಟ್ಟಿಗಾದರೂ ಪ್ರಮಾಣ ತಗ್ಗಿಸಬಹುದೇ, ಗುಳಿಗೆಯನ್ನೇ ಬದಲಿಸಬಹುದೇ ಎಂದು ಕೇಳಿರಿ. ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಿರಿ. ಮೂತ್ರಪಿಂಡ ಸೋತಾಗ ಇಂಥ ಗುಳಿಗೆ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಬಿಪಿಗೆ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿರಿ, ಏಕೆಂದರೆ ಅವು ನಡುಕವನ್ನೂ ಎದೆಬಡಿತವನ್ನೂ ಮರೆಮಾಚುತ್ತವೆ; ಬೆವರೊಂದೇ ಗುರುತಾಗಿ ಉಳಿಯುತ್ತದೆ.

ಹೊಲಕ್ಕೆ ಹೊರಡುವ ಮುನ್ನ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಉಣ್ಣಲಿ. ಒಂಬತ್ತರ ಸುಮಾರಿಗೆ ಒಂದು ಹಿಡಿ ಪುಟಾಣಿ ತಿಂದು ಮಜ್ಜಿಗೆ ಕುಡಿಯಲಿ. ಅಂಗಿಯ ಕಿಸೆಯಲ್ಲಿ ಸಕ್ಕರೆಯ ಪುಟ್ಟ ಪೊಟ್ಟಣ ಸದಾ ಇರಲಿ. ಅದು ಎಲ್ಲಿದೆ, ಏತಕ್ಕಿದೆ ಎಂಬುದು ಜೊತೆಗೆ ದುಡಿಯುವವರಿಗೂ ಗೊತ್ತಿರಲಿ. ದೃಷ್ಟಿ ಎಂದವರಿಗೇ ಮೊದಲು ಹೇಳಿರಿ, ಮುಂದಿನ ಸಲ ಪಕ್ಕದಲ್ಲಿರುವವರು ಅವರೇ. ಏಕಾದಶಿಯ ಮಟ್ಟಿಗೆ ನನ್ನ ಮಾತು ಕಟ್ಟುನಿಟ್ಟು: ಇಷ್ಟಾದ ಮೇಲೆ ಅದೇ ಗುಳಿಗೆಯನ್ನು ಅದೇ ಪ್ರಮಾಣದಲ್ಲಿ ನುಂಗಿ ನಿರಾಹಾರ ಇರಲೇಕೂಡದು. ವೈದ್ಯರು ಒಪ್ಪಿ ಪ್ರಮಾಣ ಹೊಂದಿಸಿಕೊಟ್ಟರೂ, ಸಕ್ಕರೆ 70ಕ್ಕಿಂತ ಕೆಳಗಿಳಿದ ಕ್ಷಣವೇ ಉಪವಾಸ ಮುರಿಯಬೇಕು.

ಪ್ರಶ್ನೆ: ನನಗೆ 22 ವರ್ಷ, ಸಕ್ಕರೆ ಕಾಯಿಲೆ ಇಲ್ಲ. ಬೆಳಿಗ್ಗೆ ಸಿಹಿ ಚಹಾದೊಂದಿಗೆ ಟೋಸ್ಟ್ ತಿಂದು ಕಾಲೇಜಿಗೆ ಹೋದರೆ ಹನ್ನೊಂದಕ್ಕೆ ಕೈ ನಡುಗಿ ಬೆವರುತ್ತೇನೆ. ಇದೂ ಶುಗರ್ ಇಳಿಯುವುದೇ?
— ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ಇರಬಹುದು, ಆದರೆ ಪರೀಕ್ಷಿಸದೆ ಹಾಗೆನ್ನಲಾಗದು. ಲಕ್ಷಣ ಕಾಣಬೇಕು, ಅದೇ ಹೊತ್ತಿಗೆ ರಕ್ತದ ಸಕ್ಕರೆ ಕಡಿಮೆ ಇರಬೇಕು, ಸಕ್ಕರೆ ಏರಿದಾಗ ಲಕ್ಷಣ ಹೋಗಬೇಕು. 1938ರಲ್ಲಿ ಶಸ್ತ್ರವೈದ್ಯ ವಿಪಲ್ ಹೇಳಿದ ಈ ಮೂರು ಗುರುತುಗಳನ್ನು ಇಂದಿಗೂ ನೋಡುತ್ತೇವೆ. ಕಾಯಿಲೆ ಇಲ್ಲದವರಲ್ಲಿ 55ಕ್ಕಿಂತ ಕಡಿಮೆ ಬಂದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಮೈದಾ ಮತ್ತು ಸಕ್ಕರೆಯಿಂದ ಒಮ್ಮೆಲೇ ಏರಿದ ಗ್ಲುಕೋಸಿಗೆ ಇನ್ಸುಲಿನ್ ಅತಿಯಾಗಿ ಸುರಿದು, ಎರಡರಿಂದ ನಾಲ್ಕು ಗಂಟೆಗಳೊಳಗೆ ಸಕ್ಕರೆ ಕುಸಿಯುವುದು ಕೆಲವರಲ್ಲಿ ಉಂಟು. ಎರಡು ವಾರ ಟೋಸ್ಟ್ ಬಿಟ್ಟು ರೊಟ್ಟಿಯನ್ನು ಮಡಕಿಕಾಳಿನ ಪಲ್ಯದೊಂದಿಗೆ ತಿನ್ನಿರಿ, ಇಲ್ಲವೇ ಮೊಟ್ಟೆ ಸೇರಿಸಿಕೊಳ್ಳಿರಿ. ಚಹಾದ ಸಕ್ಕರೆ ತಗ್ಗಿಸಿರಿ. ಹನ್ನೊಂದಕ್ಕೆ ಮುನ್ನ ಒಂದು ಹಿಡಿ ಶೇಂಗಾ ತಿನ್ನಿರಿ. ಇಷ್ಟಾದರೂ ನಡುಕ ನಿಲ್ಲದಿದ್ದರೆ ಅದೇ ಹೊತ್ತಿನಲ್ಲಿ ರಕ್ತ ಪರೀಕ್ಷೆ ಮಾಡಿಸಿರಿ. ಏನೂ ತಿನ್ನದ ನಸುಕಿನಲ್ಲೇ ಹೀಗಾಗತೊಡಗಿದರೆ, ಅಥವಾ ಒಮ್ಮೆಯಾದರೂ ಪ್ರಜ್ಞೆ ತಪ್ಪಿದ್ದರೆ, ಎರಡು ವಾರ ಕಾಯದೆ ಇಂದೇ ವೈದ್ಯರನ್ನು ಕಾಣಿರಿ.